ಅದೇ ಕಾಯಿಲೆಯವರ ಮಾತು: ಕೇಳಬೇಕೆ, ಬೇಡವೆ?

ವರ್ಷಗಟ್ಟಲೆ ಕಾಡುವ ಗಂಭೀರ ಕಾಯಿಲೆಗೆ ಯಾವ ಚಿಕಿತ್ಸೆ, ಎಷ್ಟು ದಿನ, ಹೇಗೆ ಎಂಬ ವಿಷಯದಲ್ಲಿ ಅದೇ ಕಾಯಿಲೆ ಇರುವ ಇನ್ನೊಬ್ಬರ ಸಲಹೆ ಪಡೆಯುವುದು ಸರಿಯೆ?

ಪರ: ಆ ದಾರಿ ನಡೆದವರನ್ನು ಕೇಳದೆ ಇನ್ನಾರನ್ನು ಕೇಳಲಿ?

ರುಮಟಾಯ್ಡ್ ಸಂಧಿವಾತ ಎಂದು ಖಚಿತವಾದ ದಿನ ವೈದ್ಯರು ನನಗೆ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ದೇಹದ ಕಾವಲು ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಬೇಗ ಔಷಧ ಹಿಡಿದಷ್ಟೂ ಕೀಲು ಉಳಿಯುತ್ತವೆ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಜೊತೆಗೆ ಫೋಲಿಕ್ ಆಸಿಡ್, ತಪ್ಪದೆ ರಕ್ತಪರೀಕ್ಷೆ. ಹತ್ತು ನಿಮಿಷದಲ್ಲಿ ಮುಗಿಯಿತು. ಮುಂದಿನ ವಾರಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆಗಳೇ ಬೇರೆ. ಬೆಳಗಾಗೆದ್ದರೆ ಬೆರಳು ಮಡಚಲು ಬಾರದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಹೇಗೆ? ಔಷಧ ನಾಟಲು ವಾರಗಳೇ ಬೇಕು ಅಂದರಲ್ಲ, ಅಲ್ಲಿಯವರೆಗೆ ಕೆಲಸಕ್ಕೆ ಹೋಗುವುದು ಹೇಗೆ? ಗುಳಿಗೆ ನುಂಗಿದ ಮರುದಿನ ಹೊಟ್ಟೆ ತೊಳಸುವುದು, ತಲೆಗೆ ಮಂಕು ಕವಿಯುವುದು ಎಲ್ಲರಿಗೂ ಇದ್ದದ್ದೆ, ನನಗೊಬ್ಬಳಿಗೆಯೆ?

ಉತ್ತರ ಸಿಕ್ಕಿದ್ದು ರಕ್ತಪರೀಕ್ಷೆಗೆ ಸರದಿ ಕಾಯುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹೆಂಗಸಿನಿಂದ. ಅವರ ಕಾಯಿಲೆಗೆ ಹನ್ನೆರಡು ವರ್ಷ. ನನ್ನ ಕೈ ನೋಡಿಯೇ ಅವರಿಗೆ ಗೊತ್ತಾಯಿತು. "ವಾರದ ಗುಳಿಗೆಯನ್ನು ರಜೆಯ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ಮಂಕು ರಜೆಯಲ್ಲೇ ಕಳೆದುಹೋಗುತ್ತೆ. ವಾಕರಿಕೆ ತಡೆಯೋಕಾಗದಿದ್ದರೆ ಇದೇ ಔಷಧ ಇಂಜೆಕ್ಷನ್ನಲ್ಲೂ ಬರುತ್ತೆ, ಅದನ್ನೂ ಕೇಳಿ. ಡಬ್ಬಿಯ ಮೇಲೆ ವಾರದ ಹೆಸರು ದಪ್ಪಗೆ ಬರೆದಿಡಿ, ಮನೆಯವರು ಅಪ್ಪಿತಪ್ಪಿಯೂ ದಿನಾ ಕೊಡಬಾರದು." ವಾರದ ಮೆಥೊಟ್ರೆಕ್ಸೇಟನ್ನು ದಿನವೂ ತೆಗೆದುಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ಆ ಹೆಂಗಸಿನ ಮೂರು ಮಾತಿನಲ್ಲಿ ಎರಡು ನನ್ನನ್ನು ಮತ್ತೆ ವೈದ್ಯರ ಹತ್ತಿರವೇ ಕಳಿಸಿದವು, ಸರಿಯಾದ ಪ್ರಶ್ನೆ ಕೈಗಿಟ್ಟು. ಮೂರನೆಯದು ನನ್ನ ಜೀವಕ್ಕೆ ಕಟ್ಟಿದ ಬೇಲಿ.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ 15 ನಿಮಿಷ ವೈದ್ಯರ ಮುಂದೆ ಕೂತರೆ ಒಟ್ಟು ಒಂದು ಗಂಟೆ. ಉಳಿದ 8,759 ಗಂಟೆ ಕಾಯಿಲೆಯ ಜೊತೆ ನಾವೇ. ವೈದ್ಯರು ಸಾವಿರ ಜನರಲ್ಲಿ ಈ ರೋಗವನ್ನು ನೋಡಿದ್ದಾರೆ, ಆ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ರಾತ್ರಿ ಮೂರು ಗಂಟೆಗೆ ಈ ರೋಗ ಹೇಗಿರುತ್ತದೆ ಎಂದು ಅವರು ನೋಡಿಲ್ಲ.

ರೋಗಿಗಳ ಅನುಭವವನ್ನು ಬರೀ ಸಾಂತ್ವನ ಎಂದು ಬದಿಗಿಡುವವರಿಗೆ ಸಕ್ಕರೆ ಕಾಯಿಲೆಯ ಚರಿತ್ರೆಯನ್ನು ನೆನಪಿಸಬೇಕು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ ಎಂಜಿನಿಯರ್. ಬಾಲ್ಯದಿಂದಲೂ ಟೈಪ್ 1 ಮಧುಮೇಹಿ. 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಹೊಸ ಯಂತ್ರದ ಸುದ್ದಿ ತಿಳಿಯಿತು. ಅದನ್ನು ವೈದ್ಯರಿಗೆ ಮಾತ್ರ ಮಾರುತ್ತಿದ್ದರು. ಹೆಂಡತಿ ವೈದ್ಯೆಯಾಗಿದ್ದರಿಂದ ಅವರ ಹೆಸರಿನಲ್ಲಿ ತರಿಸಿಕೊಂಡು, ದಿನಕ್ಕೆ ಹಲವು ಸಲ ತನ್ನ ರಕ್ತ ತಾನೇ ಅಳೆದು, ಇನ್ಸುಲಿನ್ ಹೊಂದಿಸಿಕೊಂಡು, ವರ್ಷಗಳಿಂದ ಜರ್ಜರಿತವಾಗಿದ್ದ ದೇಹವನ್ನು ಹತೋಟಿಗೆ ತಂದರು. ಬರೆದ ಲೇಖನವನ್ನು ವೈದ್ಯಕೀಯ ಪತ್ರಿಕೆಗಳು ತೆಗೆದುಕೊಳ್ಳಲಿಲ್ಲ. ತನ್ನ ಮಾತಿಗೆ ಕಿವಿ ಸಿಗಲಿ ಎಂದೇ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ವೈದ್ಯರಾದರು. ಇವತ್ತು ಮಧುಮೇಹಿಗಳು ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡುವುದನ್ನು ವೈದ್ಯರೇ ಹೇಳಿಕೊಡುತ್ತಾರೆ.

ಅದೇ ಕಾಯಿಲೆಯವರು ಅಲ್ಲಿಗೇ ನಿಲ್ಲಲಿಲ್ಲ. ಸಕ್ಕರೆಯನ್ನು ಸತತವಾಗಿ ಅಳೆಯುವ ಸಾಧನವನ್ನೂ ಇನ್ಸುಲಿನ್ ಪಂಪನ್ನೂ ಜೋಡಿಸಿ, ಡೋಸ್ ತಾನಾಗಿ ಹೊಂದಿಕೊಳ್ಳುವಂಥ ವ್ಯವಸ್ಥೆಯನ್ನು ರೋಗಿಗಳೂ ಮಕ್ಕಳ ಅಪ್ಪ ಅಮ್ಮಂದಿರೂ ಸೇರಿ ಕಟ್ಟಿ, 2015ರಿಂದ ಒಬ್ಬರಿಗೊಬ್ಬರು ಉಚಿತವಾಗಿ ಕಲಿಸಿಕೊಟ್ಟರು. ಅಪಾಯ, ಹುಚ್ಚು ಸಾಹಸ ಎಂದವರಿದ್ದರು. ನ್ಯೂಜಿಲೆಂಡಿನ ಸಂಶೋಧಕರು ಇಂಥ ವ್ಯವಸ್ಥೆಯೊಂದನ್ನು 97 ಜನರಲ್ಲಿ, 24 ವಾರಗಳ ಕಾಲ ಶಿಸ್ತಿನಿಂದ ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಬಳಸಿದವರ ರಕ್ತದ ಸಕ್ಕರೆ ಸರಿಯಾದ ಮಿತಿಯಲ್ಲಿದ್ದ ಸಮಯ ಸುಮಾರು 61ರಿಂದ 71 ಶೇಕಡಕ್ಕೆ ಏರಿತು. ಮಗುವಿನ ಸಕ್ಕರೆ ಕುಸಿದೀತೆಂದು ರಾತ್ರಿಯಿಡೀ ಎಚ್ಚರವಿದ್ದು ಗೊತ್ತಿರುವ ತಾಯಿಗೆ ಈ ಹತ್ತು ಶೇಕಡದ ಬೆಲೆ ಗೊತ್ತು.

1980ರ ದಶಕದಲ್ಲಿ ಎಚ್‌ಐವಿ ಸೋಂಕಿತರು ಮಾಡಿದ್ದೂ ಇದನ್ನೇ. ಸಾವು ಬಾಗಿಲಲ್ಲಿ ನಿಂತಿದ್ದಾಗ ಒಬ್ಬರಿಗೊಬ್ಬರು ಔಷಧಶಾಸ್ತ್ರ ಕಲಿಸಿಕೊಂಡರು, ಪ್ರಯೋಗಗಳ ನಿಯಮ ಓದಿಕೊಂಡರು, 1988ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಕಟ್ಟಡವನ್ನೇ ಮುತ್ತಿದರು. ಮುಂದೆ ಸಂಶೋಧನಾ ಸಮಿತಿಗಳಲ್ಲಿ ರೋಗಿಗಳಿಗೂ ಕುರ್ಚಿ ಸಿಕ್ಕಿತು.

ಸಹರೋಗಿಗಳು ದಾರಿ ತಪ್ಪಿಸುತ್ತಾರೆ ಅನ್ನುತ್ತಾರೆ. ತಪ್ಪಿಸುವವರು ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಕಾಯಿಲೆಯವಳು ಕೇಳದೆಯೇ ಸಲಹೆ ಕೊಡುವವರು ಸುತ್ತ ಎಷ್ಟು ಜನ! ಆ ಕಾಯಿಲೆಯನ್ನೇ ಕಾಣದ ನೆಂಟರು, ಒಂದೇ ವಾರದಲ್ಲಿ ಗುಣ ಎನ್ನುವ ಪುಡಿ ಮಾರುವವರು. ಈ ಗದ್ದಲದ ನಡುವೆ "ಅದನ್ನು ನಾನೂ ತಿಂದು ನೋಡಿದೆ, ಆರು ತಿಂಗಳು ಹಾಳಾಯಿತು, ನಿನ್ನ ಗುಳಿಗೆ ಬಿಡಬೇಡ" ಎಂದು ನನಗೆ ಹೇಳಿದ್ದು ಅದೇ ಹನ್ನೆರಡು ವರ್ಷದ ರೋಗಿ. ಆ ಮಾತನ್ನು ವೈದ್ಯರೂ ಹೇಳಿದ್ದರು. ನಾನು ನಂಬಿದ್ದು ಆ ಹೆಂಗಸಿನ ಬಾಯಿಂದ ಬಂದಾಗ, ಏಕೆಂದರೆ ಹಾಗೆ ಹೇಳುವಾಗ ಅವರ ಸೊಟ್ಟಗಾದ ಬೆರಳುಗಳು ನನ್ನ ಕೈಮೇಲಿದ್ದವು.

ವಿರೋಧ: ನೋವು ಒಂದೇ ಇರಬಹುದು, ದೇಹ ಒಂದೇ ಅಲ್ಲ

ನನ್ನ ಅಕ್ಕನಿಗೆ ಲೂಪಸ್, ಅಂದರೆ ದೇಹದ ಕಾವಲು ವ್ಯವಸ್ಥೆಯೇ ದೇಹದ ನಾನಾ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮೂರು ವರ್ಷದಿಂದ ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಳು. ಮುಖ ಊದಿ ಗುಂಡಗಾಗಿತ್ತು, ನಿದ್ದೆ ಹತ್ತುತ್ತಿರಲಿಲ್ಲ, ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಆಗ ಪರಿಚಯವಾದವರು ಅದೇ ಕಾಯಿಲೆಯ ಇನ್ನೊಬ್ಬ ಹೆಣ್ಣುಮಗಳು. ಒಳ್ಳೆಯವರು. ಅಕ್ಕನ ಕಷ್ಟ ಕೇಳಿ ಅತ್ತಿದ್ದಾರೆ, ಅಕ್ಕನನ್ನು ನಗಿಸಿಯೂ ಇದ್ದಾರೆ. "ನಾನು ಆ ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸಿದೆ, ಏನೂ ಆಗಲಿಲ್ಲ, ಮುಖ ಮೊದಲಿನಂತಾಯಿತು" ಅಂದರು. ಸುಳ್ಳು ಹೇಳಲಿಲ್ಲ. ಅವರಿಗೆ ಹಾಗೇ ಆಗಿತ್ತು.

ಅಕ್ಕ ನಮಗಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ನಾಲ್ಕನೆಯ ದಿನ ವಾಂತಿ, ಎದ್ದು ನಿಲ್ಲಲಾಗದಷ್ಟು ನಿತ್ರಾಣ, ನೆಲಕ್ಕಿಳಿದ ರಕ್ತದೊತ್ತಡ. ತುರ್ತು ಚಿಕಿತ್ಸೆಯಲ್ಲಿ ಉಳಿದಳು. ಹೊರಗಿನಿಂದ ಸ್ಟೀರಾಯ್ಡ್ ಬಹುಕಾಲ ಬರುತ್ತಿದ್ದರೆ, ಅದೇ ಬಗೆಯ ಹಾರ್ಮೋನು ಮಾಡುವ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಅವನ್ನು ಎಬ್ಬಿಸಲು ಡೋಸನ್ನು ಸ್ವಲ್ಪಸ್ವಲ್ಪವೇ, ಕೆಲವರಿಗೆ ತಿಂಗಳುಗಟ್ಟಲೆ, ಇಳಿಸುತ್ತ ಬರಬೇಕು. ಆ ಹೆಣ್ಣುಮಗಳು ಸ್ಟೀರಾಯ್ಡ್ ತೆಗೆದುಕೊಂಡಿದ್ದು ಎರಡೇ ವಾರ. ಅಷ್ಟರಲ್ಲಿ ಗ್ರಂಥಿ ಮಲಗುವುದು ಅಪರೂಪ. ಎರಡು ವಾರಕ್ಕೂ ಮೂರು ವರ್ಷಕ್ಕೂ ಇರುವ ಅಂತರ ಅವರಿಬ್ಬರ ಮಾತಿನಲ್ಲಿ ಬರಲೇ ಇಲ್ಲ. ಕೇಳಬೇಕೆಂದು ಇವಳಿಗೆ ಹೊಳೆಯಲಿಲ್ಲ, ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಮನೆಯಲ್ಲಿ ನಿಜವಾಯಿತು.

ಕಾಯಿಲೆಗೆ ಹೆಸರು ಒಂದೇ ಇದ್ದರೆ ಕಾಯಿಲೆಯೂ ಒಂದೇ ಎಂದುಕೊಳ್ಳುತ್ತೇವೆ. ಲೂಪಸ್ ಒಬ್ಬರಲ್ಲಿ ಚರ್ಮ ಮತ್ತು ಕೀಲಿಗೆ ನಿಲ್ಲುತ್ತದೆ, ಇನ್ನೊಬ್ಬರ ಮೂತ್ರಪಿಂಡವನ್ನು ತಿನ್ನುತ್ತದೆ. ಜೊತೆಗಿರುವ ಬೇರೆ ಔಷಧ, ಯಕೃತ್ತಿನ ಸ್ಥಿತಿ, ವಯಸ್ಸು, ಬಸಿರು ಇವೆಲ್ಲ ಸೇರಿ ಚಿಕಿತ್ಸೆ ತೀರ್ಮಾನವಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ದೀರ್ಘಕಾಲದ ಬಹಳಷ್ಟು ಕಾಯಿಲೆಗಳು ಏರಿ ಇಳಿಯುತ್ತವೆ. ಲೂಪಸ್, ಕರುಳನ್ನು ಕಾಡುವ ಕ್ರೋನ್ಸ್, ಮೆದುಳು ಮತ್ತು ಬೆನ್ನುಹುರಿಯ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲಿರೋಸಿಸ್ ತಾವಾಗಿಯೇ ಕೆರಳಿ ತಾವಾಗಿಯೇ ತಣಿಯುವುದುಂಟು. ಮನುಷ್ಯ ಹೊಸದನ್ನು ಹುಡುಕಿಕೊಂಡು ಹೋಗುವುದು ಅತ್ಯಂತ ಕೆಟ್ಟ ವಾರದಲ್ಲಿ. ಅದಾದ ಮೇಲೆ ಬರುವ ವಾರ ಹೇಗೂ ಅದಕ್ಕಿಂತ ವಾಸಿ ಇರುವುದೇ ಹೆಚ್ಚು. ಆ ವಾರ ಏನು ನುಂಗಿದ್ದರೋ ಅದಕ್ಕೆ ಕೀರ್ತಿ. ಪ್ರಾಮಾಣಿಕರೇ ಹೀಗೆ ಮೋಸಹೋಗುತ್ತಾರೆ, ಪ್ರಾಮಾಣಿಕವಾಗಿಯೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ಅದೇ ಮದ್ದಿನಿಂದ ಸತ್ತವರು ಬಂದು ತಮ್ಮ ಅನುಭವ ಹೇಳುವುದಿಲ್ಲ. ಹಾಸಿಗೆ ಹಿಡಿದವರಿಗೆ ಹೇಳುವ ಶಕ್ತಿಯಿಲ್ಲ. ನಮ್ಮ ಕಿವಿಗೆ ಬೀಳುವುದು ಚೇತರಿಸಿಕೊಂಡವರ ದನಿ ಮಾತ್ರ.

2009ರಲ್ಲಿ ಇಟಲಿಯ ವೈದ್ಯ ಪಾವೊಲೊ ಜಂಬೋನಿ, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರ ಕತ್ತಿನ ರಕ್ತನಾಳಗಳು ಕಿರಿದಾಗಿರುತ್ತವೆ, ಅವನ್ನು ಬಲೂನಿನಿಂದ ಹಿಗ್ಗಿಸಿದರೆ ರೋಗಕ್ಕೆ ಪರಿಹಾರ ಎಂದರು. ಮಾಡಿಸಿಕೊಂಡವರು ಕೈಗೆ ಬಿಸಿ ಬಂತು, ತಲೆಗೆ ಕವಿದಿದ್ದ ಮಂಕು ಹರಿಯಿತು, ನಡೆಯತೊಡಗಿದೆ ಎಂದು ಬೇರೆ ರೋಗಿಗಳಿಗೆ ಹೇಳಿದರು. ಕೆನಡಾ ಮೊದಲಾದ ಕಡೆಯಿಂದ ಸಾವಿರಾರು ಜನ ಸಾಲಸೋಲ ಮಾಡಿ ಪರದೇಶಕ್ಕೆ ಹೋಗಿ ಕತ್ತಿನ ನಾಳ ಹಿಗ್ಗಿಸಿಕೊಂಡು ಬಂದರು. ಕೆಲವರು ಸತ್ತರು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. 2017ರಲ್ಲಿ ಕೆನಡಾದ ಪ್ರಯೋಗದಲ್ಲೂ, ಜಂಬೋನಿಯವರೇ ನಡೆಸಿದ ಪ್ರಯೋಗದಲ್ಲೂ ಬಂದ ಉತ್ತರ ಒಂದೇ: ಉಪಯೋಗವಿಲ್ಲ. ಅಷ್ಟು ಜನ ಸಹರೋಗಿಗಳ ಕಣ್ಣೀರಿನ ಸಾಕ್ಷ್ಯ, ಅಷ್ಟೂ ನಿಜವಾದ ಕಣ್ಣೀರು, ಒಟ್ಟಾಗಿ ತಪ್ಪಾಗಿತ್ತು.

ರೋಗಿಗಳೇ ಸತ್ಯ ಕಂಡುಹಿಡಿದದ್ದೂ ಉಂಟಲ್ಲ ಎಂದು ಎದುರು ಪಕ್ಷದವರು ಹೇಳಬಹುದು. ಉಂಟು. ನರಗಳು ಸಾಯುತ್ತ ದೇಹ ಕಲ್ಲಾಗುವ ಎಎಲ್‌ಎಸ್ ಕಾಯಿಲೆಗೆ ಲಿಥಿಯಂ ಎಂಬ ಔಷಧ ಒಳ್ಳೆಯದು ಎಂದು 2008ರಲ್ಲಿ ಸಣ್ಣದೊಂದು ಇಟಾಲಿಯನ್ ಅಧ್ಯಯನ ಹೇಳಿದಾಗ ಅನೇಕ ರೋಗಿಗಳು ತಾವೇ ಲಿಥಿಯಂ ಶುರುಮಾಡಿದರು, ತಮ್ಮ ಸ್ಥಿತಿಯನ್ನು ಲೆಕ್ಕವಿಟ್ಟು ದಾಖಲಿಸಿದರು. 149 ಜನರ ಆ ದಾಖಲೆಯನ್ನು ವಿಶ್ಲೇಷಿಸಿ 2011ರಲ್ಲಿ ಪ್ರಕಟವಾದ ಫಲಿತಾಂಶ: ರೋಗದ ವೇಗ ಕುಗ್ಗಲಿಲ್ಲ. ಸಾಯುತ್ತಿದ್ದಾಗಲೂ ಹಾಗೆ ಬರೆದಿಟ್ಟವರ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ಸತ್ಯ ಹೊರಬಂದದ್ದು ಅವರ ಸಲಹೆಯಿಂದಲ್ಲ, ಲಿಥಿಯಂ ತೆಗೆದುಕೊಳ್ಳದ, ಅದೇ ಹಂತದ ಇತರ ರೋಗಿಗಳೊಂದಿಗೆ ಅವರನ್ನು ಹೋಲಿಸಿದ್ದರಿಂದ. ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿಸಿಕೊಳ್ಳುವ ಮಾತಿನಲ್ಲಿ ಆ ಹೋಲಿಕೆ ಇರುವುದಿಲ್ಲ.

ಜೊತೆಗಾರರು ಬೇಡವೆಂದು ನಾನು ಹೇಳುತ್ತಿಲ್ಲ. ಹರಡಿದ ಸ್ತನ ಕ್ಯಾನ್ಸರ್ ಇದ್ದ ಹೆಂಗಸರು ವಾರವಾರ ಗುಂಪಾಗಿ ಕೂತು ಮಾತಾಡಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಎಂದು 1989ರ ಒಂದು ಅಧ್ಯಯನ ಹೇಳಿದಾಗ ಜಗತ್ತೇ ಹಿಗ್ಗಿತು. 235 ಹೆಂಗಸರನ್ನಿಟ್ಟುಕೊಂಡು ಮತ್ತೆ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆದರೆ ಸಂಕಟದಲ್ಲಿದ್ದವರ ಮನಸ್ಸು ಹಗುರಾಯಿತು, ನೋವಿನ ತೀವ್ರತೆಯೂ ಕಡಿಮೆಯಾಯಿತು. ಇದು ದೊಡ್ಡ ವರ. ಅಂಗಿಯ ಗುಂಡಿ ಹಾಕುವುದು ಹೇಗೆ, ಡಬ್ಬಿಯ ಮೇಲೆ ಏನು ಬರೆಯಬೇಕು, ನಿದ್ದೆ ಬಾರದ ರಾತ್ರಿ ಏನು ಮಾಡಬೇಕು, ಇದನ್ನೆಲ್ಲ ಕೇಳಿಕೊಳ್ಳಲಿ. ಯಾವ ಔಷಧ ಶುರುಮಾಡಬೇಕು, ಯಾವುದನ್ನು ಬಿಡಬೇಕು, ಡೋಸ್ ಎಷ್ಟು ಎಂಬಲ್ಲಿಗೆ ಮಾತು ಬಂದಾಗ ನಿಲ್ಲಿಸಲಿ. ನಿಲ್ಲಿಸುವುದು ಕಷ್ಟ ಎಂಬುದೇ ನನ್ನ ಭಯ. ವೈದ್ಯರ ಮಾತಿಗೆ ಎದುರು ಆಡಬಹುದು, ಇನ್ನೊಬ್ಬ ವೈದ್ಯರನ್ನು ಕಾಣಬಹುದು. ನಮಗಾಗಿ ಅತ್ತವರ ಮಾತನ್ನು ತೆಗೆದುಹಾಕುವುದು ಹೇಗೆ? ಅಕ್ಕ ಹೇಳಿದ್ದು ಅದನ್ನೇ: "ಅವರಿಗೆ ನನ್ನ ಸಂಕಟ ಗೊತ್ತಿತ್ತು, ಅದಕ್ಕೇ ಔಷಧವೂ ಗೊತ್ತಿರುತ್ತೆ ಅಂದುಕೊಂಡೆ."

ಹಾನಿ ಆದದ್ದು ಅಕ್ಕನಿಗೆ ಮಾತ್ರವಲ್ಲ. ವಿಷಯ ತಿಳಿದು ಆ ಹೆಣ್ಣುಮಗಳು ಆಸ್ಪತ್ರೆಗೆ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಬನ್ನಿ ಎಂದು ನಾನು ಎರಡು ಸಲ ಕರೆದೆ, ಬರಲಿಲ್ಲ. ವೈದ್ಯರ ಹಿಂದೆ ಓದು, ಕಾನೂನು, ಸಂಸ್ಥೆ ಇರುತ್ತವೆ. ಆ ಹೆಣ್ಣುಮಗಳ ಹಿಂದೆ ಏನೂ ಇರಲಿಲ್ಲ. ಆಡಿದ ಒಂದು ಮಾತಿನ ಭಾರವನ್ನು ಒಬ್ಬರೇ, ಅವರದೇ ಕಾಯಿಲೆಯ ಮೇಲೆ ಇನ್ನೊಂದು ಕಾಯಿಲೆಯಂತೆ ಹೊತ್ತರು.

ಈಗ ಅಕ್ಕ ಚೇತರಿಸಿಕೊಂಡಿದ್ದಾಳೆ. ಇಬ್ಬರೂ ವಾರಕ್ಕೊಮ್ಮೆಯಾದರೂ ಮಾತಾಡುತ್ತಾರೆ. ಮಾತಿನ ನಡುವೆ ಯಾವುದಾದರೂ ಮಾತ್ರೆಯ ಹೆಸರು ಬಂದರೆ ಆ ಕಡೆಯಿಂದ ದನಿ ಕೇಳಿಸುವುದಿಲ್ಲ. ಅಕ್ಕನೇ ಬೇರೆ ವಿಷಯ ತೆಗೆಯುತ್ತಾಳೆ.