ಛಾವಣಿ ಬಿದ್ದರೆ ಅಶೋಕ ಸಿಕ್ಕಾನು

ಕಲಬುರಗಿ ಸೀಮೆಯ ಸ್ಮಾರಕಗಳಿಗೆ ದಿಕ್ಕುದೆಸೆಯಿಲ್ಲವೆಂದು ಹೊರಗಿನವರು ಆಡಿಕೊಳ್ಳುವುದುಂಟು. ದಸರೆಯ ರಜೆಯಲ್ಲಿ ಮನೆಮಂದಿಯನ್ನೆಲ್ಲ ಒಂದು ಕ್ರೂಸರ್‌ನಲ್ಲಿ ತುಂಬಿಕೊಂಡು ಮಳಖೇಡ, ಸನ್ನತಿಗಳನ್ನು ಸುತ್ತಿಬಂದ ಮೇಲೆ, ಹೀಗೆ ಆಡಿಕೊಳ್ಳುವವರಿಗೆ ಪುರಾತತ್ತ್ವದ ಗಂಧಗಾಳಿಯೂ ಇಲ್ಲವೆಂದು ನನಗೆ ಖಚಿತವಾಯಿತು. ಅವರು ಅಲಕ್ಷ್ಯವೆಂದು ಕರೆಯುವುದು ನಮ್ಮವರು ಬಹುಕಾಲದಿಂದ ತಾಳ್ಮೆಯಿಂದ ನಡೆಸಿಕೊಂಡು ಬಂದಿರುವ ಸಂಶೋಧನೆ.

ಈ ಸಂಶೋಧನೆಯ ಮೂಲಪಾಠ ಸನ್ನತಿಯಲ್ಲಿದೆ. ಭೀಮೆಯ ದಂಡೆಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಛಾವಣಿ 1986ರಲ್ಲಿ ಕುಸಿದು ಮೂರ್ತಿ ಭಗ್ನವಾಯಿತು. ಕಲ್ಲುಮಣ್ಣು ಸರಿಸಿ ನೋಡಿದರೆ, ಅಷ್ಟು ಕಾಲ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಶಾಸನಗಳಿದ್ದವು. ಪರರ ಮತವನ್ನೂ ಗೌರವಿಸಬೇಕೆನ್ನುವ ಹನ್ನೆರಡನೆಯ ಶಾಸನದ ಭಾಗವೂ ಅದರಲ್ಲಿತ್ತು; ಆ ಕಲ್ಲು ಬೇರೊಂದು ಮತದ ದೇವಿಯನ್ನು ಹೊತ್ತು ನಿಂತು, ತನ್ನ ಮೈಮೇಲೆ ಬರೆದಿದ್ದನ್ನು ತುಟಿಪಿಟಕ್ಕೆನ್ನದೆ ನಡೆಸಿ ತೋರಿಸಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಪತ್ತೆಹಚ್ಚಿದ್ದು ಯಾವ ಪಂಡಿತನೂ ಅಲ್ಲ, ಛಾವಣಿ. ಅಂದಿನಿಂದ ನಮ್ಮಲ್ಲಿ ಯಾವ ಹಳೆಯ ಗೋಡೆಯ ಬಿರುಕನ್ನೂ ಮುಚ್ಚುವ ದುಡುಕುತನ ಕಾಣುತ್ತಿಲ್ಲ. ಪಕ್ಕದ ಕನಗನಹಳ್ಳಿಯಲ್ಲಿ ‘ರಾಯ ಅಶೋಕ’ ಎಂಬ ಬರಹದೊಡನೆ ಸಾಮ್ರಾಟನ ಶಿಲ್ಪವೇ ಸಿಕ್ಕಿತೆಂಬುದು ನಿಜ, ಆದರೆ ಅದಕ್ಕೆ ವರ್ಷಗಟ್ಟಲೆ ಅಗೆಯಬೇಕಾಯಿತು. ಕುಸಿತದಷ್ಟು ಅಗ್ಗದ ವಿಧಾನ ಅದಲ್ಲ.

ಮಳಖೇಡದಲ್ಲಿ ಈ ವಿಧಾನ ಇನ್ನಷ್ಟು ಪಕ್ವವಾಗಿದೆ. ರಾಷ್ಟ್ರಕೂಟರ ರಾಜಧಾನಿ, ಅರವತ್ತನಾಲ್ಕು ವರ್ಷ ಆಳಿದ ಅಮೋಘವರ್ಷ ನೃಪತುಂಗನ ಮಾನ್ಯಖೇಟ ಇದೇ ಎಂದು ಹೆಂಡತಿ ಮಕ್ಕಳ ಮುಂದೆ ಉಬ್ಬಿಕೊಂಡು ಹೇಳುತ್ತಲೇ, ರಸ್ತೆಬದಿಯ ಚಹಾದಂಗಡಿಯ ಹಿರಿಯರೊಬ್ಬರಲ್ಲಿ ಕೋಟೆಯ ದಾರಿ ಕೇಳಿದೆ. “ಅಲ್ಲೇನದರೀ ನೋಡ್ಲಾಕ? ಫ್ಯಾಕ್ಟರಿ ಈ ಕಡಿ ಅದ ನೋಡ್ರಿ” ಎಂದು ಅವರು ಕನಿಕರದಿಂದ ಕೈತೋರಿಸಿದರು. ಅವರದೇನೂ ತಪ್ಪಿಲ್ಲ; ಮಳಖೇಡವೆಂದರೆ ಇಂದು ನಾಡಿಗೆಲ್ಲ ಸಿಮೆಂಟು. ಹಳೆಯ ಗೋಡೆಗೆ ಸಿಮೆಂಟು ತಾಗಿಸಬಾರದು, ಸುಣ್ಣದ ಗಾರೆಯೇ ಆಗಬೇಕು ಎಂದು ಬಲ್ಲವರು ಹೇಳುತ್ತಾರೆ. ಕಾಗಿಣಾ ದಂಡೆಯ ಆ ಕೋಟೆಯಲ್ಲಿ ನಾನು ಕಂಡ ಗೋಡೆಗಳಿಗೆ ಎರಡೂ ತಾಗದಂತೆ ಎಚ್ಚರ ವಹಿಸಿರುವುದನ್ನು ನೋಡಿ ನನ್ನ ಕಣ್ಣು ತುಂಬಿಬಂತು.

ಬೀದರಿನವರು ಈ ವಿಷಯದಲ್ಲಿ ನಮಗಿಂತ ಮುಂದೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 1696ರ ಸುಮಾರಿಗೆ ಮದ್ದು ಸಿಡಿದು ಮುಂಭಾಗದ ಒಂದು ಮಿನಾರು ಸಮೇತ ಕಟ್ಟಡದ ದೊಡ್ಡದೊಂದು ಭಾಗ ಹಾರಿಹೋಯಿತಾದ್ದರಿಂದ, ಅವರ ಸಂಶೋಧನೆಗೆ ಮುನ್ನೂರು ವರ್ಷದ ಹಿರಿತನವಿದೆ. ನಾವು ಕಲಬುರಗಿಯವರು ಮದ್ದಿನ ಗೊಡವೆಗೆ ಹೋಗದೆ ಕೋಟೆಯ ಕಂದಕವನ್ನು ನೆಚ್ಚಿಕೊಂಡಿದ್ದೇವೆ. ಬಹಮನಿಯವರು ಮಡಕೆಯ ಚೂರು ಬಿಟ್ಟುಹೋದಂತೆ ನಾವೂ ಮುಂದಿನವರ ಅಧ್ಯಯನಕ್ಕೆ ಅಲ್ಲಿ ಗುಟಕಾ ಚೀಟಿ, ನೀರಿನ ಬಾಟಲಿಗಳನ್ನು ಪದರಪದರವಾಗಿ ಶೇಖರಿಸಿಡುತ್ತಿದ್ದೇವೆ.

ಸಂರಕ್ಷಿತ ಸ್ಮಾರಕಗಳ ಬಾಗಿಲಲ್ಲಿ ನಿಂತಿರುವ ನೀಲಿ ಫಲಕವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು 2010ರ ತಿದ್ದುಪಡಿಯ ನಂತರದ ಕಾನೂನು ಹೇಳುತ್ತದೆ. “ಪಪ್ಪಾ, ಮಳಿ ಬಂದು ಬಿದ್ರ ಯಾರಿಗಿ ದಂಡ?” ಎಂದು ಸಣ್ಣವಳು ಕೇಳಿದಳು. ಮಳೆಗೆ ನೋಟಿಸು ಜಾರಿ ಮಾಡಲು ವಿಳಾಸ ಸಿಗುವುದಿಲ್ಲವೆಂದು ತಿಳಿಹೇಳಿದೆ.

ಊರಿಗೆ ಮರಳುವಷ್ಟರಲ್ಲಿ ಕಲಬುರಗಿಯಲ್ಲೂ ಮಳೆ ಹಿಡಿದಿತ್ತು. ಅಜ್ಜನ ಕಾಲದ ನಮ್ಮ ಮಾಳಿಗೆ ದೇವರ ಕೋಣೆಯಲ್ಲಿ ತೊಟ್ಟಿಕ್ಕುತ್ತಿರುವುದನ್ನು ಕಂಡು, “ನಾಳಿಗೇ ಗೌಂಡಿಗಿ ಕರಸ್ರಿ” ಎಂದು ಹೆಂಡತಿ ಗದರಿದಳು. ನಾನು ಕೆಳಗಿನ ಶಹಾಬಾದ್ ಕಲ್ಲನ್ನು ಒಮ್ಮೆ ನೋಡಿ, ಇನ್ನೊಂದು ಮಳೆಗಾಲ ಕಾಯೋಣವೆಂದೆ.