ಪೋರ್ಟ್ ಮಾಡಿಸುವ ಮುಂಚೆ ಒಮ್ಮೆ ಹಿತ್ತಲಿಗೆ ಹೋಗಿ ನೋಡಿ

ರೀಚಾರ್ಜ್ ದರ ಏರಿದಾಗಲೆಲ್ಲ ಫೇಸ್‌ಬುಕ್‌ನಲ್ಲಿ ಒಂದೇ ಪ್ರಶ್ನೆ: "ಯಾವ ಸಿಮ್ ಒಳ್ಳೇದು?" ಕೆಳಗೆ ನೂರು ಉತ್ತರ. ಯಾವ ಊರು, ಊರಲ್ಲಿ ಯಾವ ಕೇರಿ, ಮನೆಯಲ್ಲಿ ಯಾವ ಕೋಣೆ ಅಂತ ಕೇಳದೆ ಉತ್ತರ ಕೊಡುವವರು ತಮ್ಮ ಮನೆಯ ಸುದ್ದಿ ಹೇಳುತ್ತಿದ್ದಾರೆಯೇ ಹೊರತು ನಿಮ್ಮ ಮನೆಯದ್ದಲ್ಲ.

2024ರ ಜುಲೈ ನೆನಪಿರಬಹುದು. ಜಿಯೊದ 28 ದಿನದ 239 ರೂಪಾಯಿ ಪ್ಲ್ಯಾನ್ 299 ಆಯಿತು, ಏರ್‌ಟೆಲ್‌ನ 179 ರೂಪಾಯಿದು 199 ಆಯಿತು, ವಿಐ ಕೂಡ ಏರಿಸಿತು. ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಹೊಸ ಗ್ರಾಹಕರು ಸೇರಿದರು. ನವೆಂಬರ್ ಹೊತ್ತಿಗೆ ಲೆಕ್ಕ ತಿರುಗಿ, ಅದೇ ಸಂಸ್ಥೆ ಗ್ರಾಹಕರನ್ನು ಕಳೆದುಕೊಳ್ಳುತ್ತಿತ್ತು. ದರ ನೋಡಿ ಹೋದವರಲ್ಲಿ ತುಂಬಾ ಜನ ರೇಂಜ್ ನೋಡದೆ ಹೋಗಿದ್ದರು ಅನ್ನುವುದು ನನ್ನ ಅಭಿಪ್ರಾಯ. ಪೋರ್ಟ್ ಮಾಡಿಸುವುದು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸುವುದು, ಸುಲಭ; ಎಲ್ಲಿಗೆ ಅನ್ನುವುದರಲ್ಲೇ ಜನ ಎಡವುವುದು.

ಆದ್ದರಿಂದ ಮೊದಲ ಕೆಲಸ ಪೋರ್ಟ್ ಅಲ್ಲ. ಹೋಗಬೇಕೆಂದಿರುವ ಕಂಪನಿಯ ಹೊಸ ಪ್ರಿಪೇಯ್ಡ್ ಸಿಮ್ ಒಂದನ್ನು ತಂದು ಎರಡನೇ ಸ್ಲಾಟಿಗೆ ಹಾಕಿ, 28 ದಿನದ ಕಡಿಮೆ ಬೆಲೆಯ ಪ್ಲ್ಯಾನ್ ಹಾಕಿಸಿ, ಮೂರು ವಾರವಾದರೂ ನೋಡಿ. ಇನ್ನೂರು ರೂಪಾಯಿ ದಂಡ ಅನ್ನಿಸಬಹುದು. ಆದರೆ ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲಿಂದ ಅಲುಗಾಡುವ ಹಾಗಿಲ್ಲ. ಮೂರು ತಿಂಗಳು ಅಂಗಳದಲ್ಲಿ ನಿಂತು ಕಿರುಚಿ ಮಾತಾಡುವುದಕ್ಕಿಂತ ಇನ್ನೂರು ರೂಪಾಯಿ ಅಗ್ಗ.

ನೋಡುವಾಗ ಕಡ್ಡಿ ಎಣಿಸಬೇಡಿ. ನಾಲ್ಕು ಕಡ್ಡಿ ಅಂದರೆ ಎಷ್ಟು ಅನ್ನುವುದನ್ನು ಒಂದೊಂದು ಫೋನ್ ಕಂಪನಿ ಒಂದೊಂದು ರೀತಿ ತೀರ್ಮಾನಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಹೋದರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಚಿಹ್ನೆಯ ಒಂದು ಸಂಖ್ಯೆ ಇರುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಈ ಸಂಖ್ಯೆ ತೋರಿಸುವ ಫೀಲ್ಡ್ ಟೆಸ್ಟ್ ತೆರೆಯುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 100 ಅಂದರೆ ನಡೆಯುತ್ತದೆ, 110 ದಾಟಿದರೆ ಮಾತು ತುಂಡಾಗುತ್ತದೆ, 120ಕ್ಕೆ ಫೋನ್ ಇದ್ದೂ ಇಲ್ಲದ ಹಾಗೆ. 90ಕ್ಕೂ 120ಕ್ಕೂ ಮೂವತ್ತೇ ವ್ಯತ್ಯಾಸ ಅಂತ ಅಂದುಕೊಳ್ಳಬೇಡಿ. ಈ ಅಳತೆಯಲ್ಲಿ ಪ್ರತಿ ಹತ್ತಕ್ಕೆ ಸಿಗ್ನಲ್ ಹತ್ತು ಪಟ್ಟು ಕುಗ್ಗುತ್ತದೆ. ಅಂದರೆ ಮೂವತ್ತಕ್ಕೆ ಸಾವಿರ ಪಟ್ಟು.

ಈ ಸಂಖ್ಯೆಯನ್ನು ನೀವು ನಿಜವಾಗಿ ಫೋನ್ ಹಿಡಿಯುವ ಜಾಗಗಳಲ್ಲಿ ಬರೆದುಕೊಳ್ಳಿ: ಮಲಗುವ ಕೋಣೆ, ಅಡುಗೆಮನೆ, ಹಿತ್ತಲು, ಕೊಟ್ಟಿಗೆ, ಆಫೀಸಿನ ಮೇಜು, ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟ್ ಪಾರ್ಕಿಂಗ್. ಎರಡೂ ಸಿಮ್‌ನದ್ದು ಪಕ್ಕಪಕ್ಕ ಬರೆಯಿರಿ. ಆಮೇಲೆ ರಾತ್ರಿ ಎಂಟರಿಂದ ಹತ್ತರ ಒಳಗೆ ಒಮ್ಮೆ ವಿಡಿಯೊ ಹಾಕಿ ನೋಡಿ. ಸಂಖ್ಯೆ 85 ಇದ್ದೂ ವಿಡಿಯೊ ಸುತ್ತುತ್ತಿದ್ದರೆ ಟವರ್ ದೂರವಾಗಿಲ್ಲ, ಟವರ್ ಮೇಲೆ ಜನ ಜಾಸ್ತಿಯಾಗಿದ್ದಾರೆ. ಬೆಂಗಳೂರಿನ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯಂಥ ಕಡೆ ದೂರುಗಳು ಹೆಚ್ಚಾಗಿ ಇದೇ ಬಗೆಯವು. ಮಲೆನಾಡಿನದ್ದು ಇದಕ್ಕೆ ತಿರುಗಾಮುರುಗಾ: ಜನವೇ ಇಲ್ಲ, ಸಿಗ್ನಲ್ ಕೂಡ ಇಲ್ಲ. ಟವರ್ ಹೆದ್ದಾರಿಗೆ ಮುಖ ಮಾಡಿರುತ್ತದೆ, ಮನೆ ಗುಡ್ಡದ ಹಿಂದಿನ ಕಣಿವೆಯ ತೋಟದಲ್ಲಿರುತ್ತದೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇನ್ನೊಂದು ಮಾತು. ಜನವರಿಯಲ್ಲಿ ಪರೀಕ್ಷೆ ಮಾಡಿ ಪೋರ್ಟ್ ಆದವರು ಜುಲೈಯಲ್ಲಿ ಬೈಯುತ್ತಾರೆ. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ನಿಲ್ಲುವುದು ಬ್ಯಾಟರಿ ಮೇಲೆ, ಬ್ಯಾಟರಿ ಮುಗಿದ ಮೇಲೆ ಡೀಸೆಲ್ ಹಾಕುವವರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಂಟ್ ಹೋಗಿ ನಾಲ್ಕು ತಾಸಾದ ಮೇಲೆ ಯಾವ ಸಿಮ್ ಉಸಿರಾಡುತ್ತಿದೆ ಅನ್ನುವುದೇ ನಿಮ್ಮೂರಿನ ನಿಜವಾದ ಪರೀಕ್ಷೆ. ಎರಡು ಸಿಮ್ ಇಟ್ಟುಕೊಂಡರೆ ಬಚಾವ್ ಅಂದುಕೊಂಡವರೂ ಒಮ್ಮೆ ವಿಚಾರಿಸಿಕೊಳ್ಳಿ. ಕಂಬ ಒಬ್ಬರದು, ಅದರ ಮೇಲೆ ಆಂಟೆನಾ ಎರಡು ಮೂರು ಕಂಪನಿಯದು ಇರುವುದೇ ಹೆಚ್ಚು. ಟವರ್ ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್ ಕಂಪನಿಯ ಕಂಬಗಳಲ್ಲಿ ಏರ್‌ಟೆಲ್, ವಿಐ ಎರಡೂ ಕೂತಿರುತ್ತವೆ. ಆ ಕಂಬದ ಬ್ಯಾಟರಿ ಸತ್ತರೆ ನಿಮ್ಮ ಎರಡು ಸಿಮ್‌ಗಳೂ ಒಟ್ಟಿಗೇ ಮಲಗುತ್ತವೆ.

ಫೋನ್ ಕೂಡ ನೋಡಬೇಕು. ಆವರ್ತನ (ಫ್ರೀಕ್ವೆನ್ಸಿ) ಕಡಿಮೆಯಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. 700, 850, 900 ಮೆಗಾಹರ್ಟ್ಸ್‌ನವು ಆ ಜಾತಿ. 2300, 3300ರ ಮೇಲಿನವು ವೇಗ ಕೊಡುತ್ತವೆ, ಆದರೆ ಎರಡು ಆರ್‌ಸಿಸಿ ಗೋಡೆ ಸಿಕ್ಕರೆ ಸುಸ್ತು. ಬಿಎಸ್‌ಎನ್‌ಎಲ್‌ನ 4ಜಿ ಓಡುವುದು ಮುಖ್ಯವಾಗಿ 700 ಮತ್ತು 2100ರಲ್ಲಿ. 700 ಹಿಡಿಯಬೇಕಾದರೆ ಫೋನಿನಲ್ಲಿ ಬ್ಯಾಂಡ್ 28 ಇರಬೇಕು. ಹಳೆಯ ಅಗ್ಗದ ಫೋನ್‌ಗಳಲ್ಲಿ ಅದು ಇಲ್ಲದಿರಬಹುದು. ಪಕ್ಕದ ಮನೆಯವರಿಗೆ ಬಿಎಸ್‌ಎನ್‌ಎಲ್ ಚೆನ್ನಾಗಿ ಸಿಗುತ್ತದೆ, ನಮಗೆ ಯಾಕಿಲ್ಲ ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ. ಫೋನಿನ ಮಾಡೆಲ್ ಹೆಸರು ಹಾಕಿ ಬ್ಯಾಂಡ್ ಪಟ್ಟಿ ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. (ಬಿಎಸ್‌ಎನ್‌ಎಲ್‌ನ ಈ 4ಜಿಯ ಉಪಕರಣ ಮಾಡಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಹೆಮ್ಮೆ ಪಡೋಣ, ಆದರೆ ಹೆಮ್ಮೆಗೆ ರೇಂಜ್ ಬರುವುದಿಲ್ಲ.) ಇನ್ನು ಅಜ್ಜನ ಹಳೇ ಕೀಪ್ಯಾಡ್ ಫೋನ್: ಜಿಯೊಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಆ ಸಿಮ್ ಅದರಲ್ಲಿ ಏಳುವುದೇ ಇಲ್ಲ. ಅಲ್ಲಿಗೆ ಪೋರ್ಟ್ ಮಾಡಿಸುವುದಾದರೆ 4ಜಿ ಫೋನಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಮನೆಯೊಳಗೆ ಮಾತ್ರ ಸಿಗ್ನಲ್ ಇಲ್ಲ, ಆದರೆ ಫೈಬರ್ ಇಂಟರ್‌ನೆಟ್ ಇದೆ ಅನ್ನುವವರು ಪೋರ್ಟ್ ಮಾಡಿಸುವ ಗೋಜಿಗೇ ಹೋಗಬೇಡಿ. ಸೆಟ್ಟಿಂಗ್ಸ್‌ನ ಸಿಮ್ ವಿಭಾಗದಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಕರೆ ವೈಫೈ ಮೇಲೆ ಹೋಗುತ್ತದೆ, ಬೇರೆ ದುಡ್ಡಿಲ್ಲ. ಕಂಪನಿ ಬದಲಾಯಿಸಲು ಹೊರಟವರಲ್ಲಿ ಒಂದಷ್ಟು ಜನರ ಸಮಸ್ಯೆ ಈ ಒಂದು ಗುಂಡಿಯಲ್ಲಿ ಮುಗಿಯುತ್ತದೆ.

ಈಗ ದುಡ್ಡಿನ ಲೆಕ್ಕ. 28 ದಿನದ ಪ್ಲ್ಯಾನನ್ನು ತಿಂಗಳಿನದ್ದು ಅಂದುಕೊಳ್ಳುವುದೇ ಮೊದಲ ತಪ್ಪು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. 299ರದ್ದು ಹದಿಮೂರು ಸಲಕ್ಕೆ 3,887 ರೂಪಾಯಿ. ಯಾವ ಪ್ಲ್ಯಾನನ್ನೇ ಆಗಲಿ ದಿನಗಳಿಂದ ಭಾಗಿಸಿ ನೋಡಿ, ದಿನಕ್ಕೆ ಎಷ್ಟು ಬಿತ್ತು ಅಂತ. 299ನ್ನು 28ರಿಂದ ಭಾಗಿಸಿದರೆ ದಿನಕ್ಕೆ ಹತ್ತು ರೂಪಾಯಿ 68 ಪೈಸೆ. ಮನೆಯಲ್ಲಿ ವೈಫೈ ಇದ್ದು, ಬರೀ ಮಾತಾಡುವ ಹಿರಿಯರಿಗೆ ಇಷ್ಟು ಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್, ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕು ಅಂತ ನಿಯಮ ಮಾಡಿತು. ಮರುತಿಂಗಳು ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849 ರೂಪಾಯಿಯ ಪ್ಯಾಕ್ ತಂದಿತು. ಜಿಯೊದವರು 84 ದಿನಕ್ಕೆ 448, 336 ದಿನಕ್ಕೆ 1,748 ಇಟ್ಟರು. 336 ಅನ್ನುವುದು ವರ್ಷವಲ್ಲ, ಹನ್ನೊಂದು ತಿಂಗಳು. ಇದೂ ಕಣ್ಣಿಗೆ ಬೀಳದ ಜಾಗ. ಆದರೂ ದಿನಕ್ಕೆ ಐದು ರೂಪಾಯಿ ಚಿಲ್ಲರೆಗೆ ಕೆಲಸ ಆಗುತ್ತದೆ, ಅರ್ಧಕ್ಕರ್ಧ ಉಳಿತಾಯ. ಇಂಥ ಪ್ಯಾಕ್‌ಗಳನ್ನು ಆ್ಯಪ್‌ನ ಮುಂಬಾಗಿಲಿನಲ್ಲಿ ಯಾರೂ ತೂಗುಹಾಕುವುದಿಲ್ಲ, ಕೆಳಗೆ ಹೋಗಿ ಹುಡುಕಬೇಕು. ದರ ಆಗಾಗ ಬದಲಾಗುತ್ತದೆ, ಹಾಕಿಸುವ ದಿನದ ದರ ನೋಡಿಕೊಳ್ಳಿ. ಅಂದಹಾಗೆ, ಇದಕ್ಕೂ ಪೋರ್ಟ್ ಬೇಕಿಲ್ಲ, ಇರುವ ಕಂಪನಿಯಲ್ಲೇ ಪ್ಯಾಕ್ ಬದಲಾಯಿಸಿದರೆ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ಹೋಗಲೇಬೇಕು ಅನ್ನಿಸಿದರೆ, ಕ್ರಮ ಹೀಗೆ. ಮೆಸೇಜಿನಲ್ಲಿ ಪಿ, ಒ, ಆರ್, ಟಿ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಆಮೇಲೆ ನಿಮ್ಮ ಹತ್ತಂಕಿಯ ನಂಬರು ಬರೆದು 1900ಕ್ಕೆ ಕಳಿಸಿ. ಪೋರ್ಟ್ ಆಗಬೇಕಾದ ಸಿಮ್‌ನಿಂದಲೇ ಹೋಗಬೇಕು. ಡ್ಯುಯಲ್ ಸಿಮ್ ಫೋನ್ ಇನ್ನೊಂದು ಸಿಮ್‌ನಿಂದ ಕಳಿಸಿಬಿಟ್ಟು, ಉತ್ತರವೇ ಬರಲಿಲ್ಲ ಅಂತ ಒದ್ದಾಡುವವರು ಬಹಳ. ನಿಮ್ಮ ಪ್ಲ್ಯಾನ್‌ನಲ್ಲಿ ಎಸ್‌ಎಂಎಸ್ ಇಲ್ಲ ಅನ್ನುವ ನೆಪವನ್ನು ಕಂಪನಿ ಹೇಳುವ ಹಾಗಿಲ್ಲ, ಯಾವ ಪ್ಲ್ಯಾನ್ ಇದ್ದರೂ 1900ಕ್ಕೆ ಎಸ್‌ಎಂಎಸ್ ಬಿಡಬೇಕು ಅಂತ 2021ರ ಡಿಸೆಂಬರ್‌ನಲ್ಲೇ ಟ್ರಾಯ್ ನಿರ್ದೇಶನ ಕೊಟ್ಟಿದೆ.

ಉತ್ತರವಾಗಿ ಎಂಟು ಅಕ್ಷರದ ಯುಪಿಸಿ, ಅಂದರೆ ಪೋರ್ಟ್ ಮಾಡಲು ಬೇಕಾದ ಕೋಡ್ ಬರುತ್ತದೆ. 2019ರ ಡಿಸೆಂಬರ್ 16ಕ್ಕೆ ಮುಂಚೆ ಈ ಕೋಡ್ ಸುಲಭವಾಗಿ ಬರುತ್ತಿತ್ತು, ಅರ್ಜಿ ಆಮೇಲೆ ತಿರಸ್ಕೃತವಾಗುತ್ತಿತ್ತು. ಈಗ ಅರ್ಹತೆ ಇದ್ದರೆ ಮಾತ್ರ ಕೋಡ್. ಬರದಿದ್ದರೆ ಕಾರಣ ಇವುಗಳಲ್ಲೊಂದು: ಈಗಿನ ಕಂಪನಿಯಲ್ಲಿ 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದೆ, ಹೆಸರು ಬದಲಾವಣೆಯ ಅರ್ಜಿ ನಡೆಯುತ್ತಿದೆ, ನಂಬರಿನ ಮೇಲೆ ಕೋರ್ಟ್ ವ್ಯಾಜ್ಯ ಇದೆ, ಅಥವಾ ಕಳೆದ ಏಳು ದಿನದಲ್ಲಿ ಅದೇ ನಂಬರಿಗೆ ಬದಲಿ ಸಿಮ್ ತೆಗೆದುಕೊಂಡಿದ್ದೀರಿ. ಈ ಕೊನೆಯದು 2024ರ ಜುಲೈ 1ರಿಂದ ಬಂದದ್ದು. ನಿಮ್ಮ ಹೆಸರಲ್ಲಿ ನಕಲಿ ಸಿಮ್ ತೆಗೆಸಿಕೊಂಡು ತಕ್ಷಣ ಪೋರ್ಟ್ ಮಾಡಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರಿಗೆ ಅಡ್ಡಗಟ್ಟೆ ಅದು. ಅದಕ್ಕೇ ಹೇಳುವುದು, ಕೋಡ್ ಕೇಳಿ ಯಾರು ಕರೆ ಮಾಡಿದರೂ ಕೊಡಬೇಡಿ. ಅಂಗಡಿಯಲ್ಲಿ ಕೂತು ಅರ್ಜಿ ತುಂಬುವಾಗ ಮಾತ್ರ ಹೇಳಿ.

ಕೋಡ್‌ಗೆ ಕರ್ನಾಟಕದಲ್ಲಿ ನಾಲ್ಕು ದಿನದ ಆಯಸ್ಸು. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು. ತೀರಿಕೊಂಡ ಅಪ್ಪನ ಹೆಸರಲ್ಲಿರುವ ನಂಬರಾದರೆ ಹಳೇ ಕಂಪನಿಯಲ್ಲಿ ಮೊದಲು ಹೆಸರು ಬದಲಾಯಿಸಿಕೊಂಡು, ಅದು ಪೂರ್ತಿ ಮುಗಿದ ಮೇಲೆ ಪೋರ್ಟ್‌ಗೆ ಹೊರಡಿ. ಪೋರ್ಟ್ ಶುಲ್ಕ ಅಂತ ಇರುವುದು ಹೆಚ್ಚೆಂದರೆ 6 ರೂಪಾಯಿ 46 ಪೈಸೆ. ಅಂಗಡಿಯವರು ಕೇಳುವ ಇನ್ನೂರು ಮುನ್ನೂರು ಮೊದಲ ರೀಚಾರ್ಜಿನದ್ದು, ಯಾವ ಪ್ಲ್ಯಾನ್ ಅಂತ ಕೇಳಿ ತಿಳಿದು ಕೊಡಿ. ಮನಸ್ಸು ಬದಲಾದರೆ ಅರ್ಜಿ ಕೊಟ್ಟ 24 ಗಂಟೆಯೊಳಗೆ ಕ್ಯಾನ್ಸಲ್ ಅನ್ನುವ ಇಂಗ್ಲಿಷ್ ಪದ, ಸ್ಪೇಸ್, ನಂಬರು ಬರೆದು ಅದೇ 1900ಕ್ಕೆ ಕಳಿಸಬಹುದು.

ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನ, ಬೇರೆ ಸರ್ಕಲ್‌ಗೆ (ಅಂದರೆ ಬೇರೆ ಟೆಲಿಕಾಂ ವಲಯಕ್ಕೆ) ಅಥವಾ ಕಂಪನಿ ಹೆಸರಿನ ಕಾರ್ಪೊರೇಟ್ ನಂಬರಿಗೆ ಐದು. ಭಾನುವಾರ, ಹಬ್ಬದ ರಜೆ ಲೆಕ್ಕಕ್ಕಿಲ್ಲ, ಹಾಗಾಗಿ ದಸರಾ ವಾರದಲ್ಲಿ ಅರ್ಜಿ ಕೊಟ್ಟು ಕಾಯುತ್ತಾ ಕೂರಬೇಡಿ. 2015ರ ಜುಲೈಯಿಂದ ಸರ್ಕಲ್ ದಾಟಿ ಹೋಗುವುದಕ್ಕೂ ಅವಕಾಶ ಇದೆ. ಪುಣೆಗೆ, ಮುಂಬೈಗೆ ಹೋಗಿ ನೆಲೆಸಿದವರು ಊರಿನ ನಂಬರನ್ನೇ ಅಲ್ಲಿನ ಕಂಪನಿಗೆ ಒಯ್ಯಬಹುದು.

ಹಳೇ ಪ್ರಿಪೇಯ್ಡ್‌ನ ಬ್ಯಾಲೆನ್ಸ್, ಉಳಿದ ದಿನ, ಎಲ್ಲಾ ಹೋಗುತ್ತದೆ, ಒಂದು ಪೈಸೆಯೂ ಹಿಂಬಾಲಿಸುವುದಿಲ್ಲ. ಆದ್ದರಿಂದ ಪ್ಲ್ಯಾನ್ ಮುಗಿಯಲು ಐದಾರು ದಿನ ಇರುವಾಗ ಹೊರಡಿ. ಪೋಸ್ಟ್‌ಪೇಯ್ಡ್‌ನವರು ಕೊನೆಯ ಬಿಲ್ ಪೋರ್ಟ್ ಆದ ಮೇಲೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಅದನ್ನು ಕಟ್ಟದಿದ್ದರೆ ಹಳೇ ಕಂಪನಿ ಹೇಳಿ ಹೊಸ ಕಂಪನಿಯಲ್ಲೇ ನಿಮ್ಮ ಲೈನ್ ಕಡಿಸಬಹುದು. ಕೀಪ್ಯಾಡ್ ಫೋನಿನವರ ನಂಬರುಗಳು ಹೆಚ್ಚಾಗಿ ಸಿಮ್‌ನಲ್ಲೇ ಇರುತ್ತವೆ. ಹಳೇ ಸಿಮ್ ತೆಗೆಯುವ ಮುಂಚೆ ಎಲ್ಲವನ್ನೂ ಫೋನಿಗೆ ಕಾಪಿ ಮಾಡಿಡಿ, ಇಲ್ಲವಾದರೆ ಡಾಕ್ಟರ ನಂಬರೂ ಹೋಯಿತು, ಅಡಿಕೆ ಮಂಡಿಯ ನಂಬರೂ ಹೋಯಿತು.

ಬದಲಾಗುವ ದಿನ ಹಳೇ ಸಿಮ್ ಸುಮ್ಮನೆ ಸತ್ತುಹೋಗುತ್ತದೆ, ಸಾಮಾನ್ಯವಾಗಿ ರಾತ್ರಿ. ಹೊಸದನ್ನು ಹಾಕಿ ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಡುವೆ ಕೆಲವು ತಾಸು ಕರೆ ಇರುವುದಿಲ್ಲ. ಅವತ್ತು, ಮರುದಿನ ಒಟಿಪಿ ಬೇಕಾಗುವ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ: ರಿಜಿಸ್ಟ್ರೇಷನ್, ಪರೀಕ್ಷೆಯ ಅರ್ಜಿ, ದೊಡ್ಡ ಮೊತ್ತ ಕಳಿಸುವುದು. ಯುಪಿಐ ಆ್ಯಪ್‌ಗಳು ಹೊಸ ಸಿಮ್ ಕಂಡರೆ ಎಸ್‌ಎಂಎಸ್ ಕಳಿಸಿ ಮತ್ತೆ ಖಾತರಿ ಮಾಡಿಕೊಳ್ಳುತ್ತವೆ. ಆಧಾರ್, ಬ್ಯಾಂಕ್, ಗ್ಯಾಸ್ ಎಲ್ಲೂ ನಂಬರ್ ಬದಲಾಯಿಸಬೇಕಿಲ್ಲ, ನಂಬರ್ ಅದೇ. ಹಳೇ ಕಂಪನಿಗೆ ಆಟೊಪೇ ಹಾಕಿಟ್ಟಿದ್ದರೆ ಮಾತ್ರ ಅದನ್ನು ರದ್ದು ಮಾಡಿ.

ಕೊನೆಗೆ ಒಂದು ಸಣ್ಣ ಕಿರಿಕಿರಿ. ರೀಚಾರ್ಜ್ ಆ್ಯಪ್‌ಗಳು ನಂಬರ್ ನೋಡಿ ಕಂಪನಿಯನ್ನು ತಾವೇ ಊಹಿಸುತ್ತವೆ, ಪೋರ್ಟ್ ಆದ ಮೇಲೂ ಕೆಲವೊಮ್ಮೆ ಹಳೇ ಹೆಸರನ್ನೇ ತೋರಿಸುತ್ತವೆ. ಊರಲ್ಲಿ ಅಮ್ಮನ ನಂಬರನ್ನು ಪೋರ್ಟ್ ಮಾಡಿಸಿದ್ದು ಅಣ್ಣ, ತಿಂಗಳು ತಿಂಗಳು ಬೆಂಗಳೂರಿನಿಂದ ಕರೆನ್ಸಿ ಹಾಕುವುದು ತಮ್ಮ ಅಂತಿದ್ದರೆ, ತಮ್ಮನಿಗೆ ಅವತ್ತೇ ಫೋನ್ ಮಾಡಿ ಹೇಳಿ: ಮೊದಲು ಆಪರೇಟರ್ ಬದಲಾಯಿಸು, ಆಮೇಲೆ ದುಡ್ಡು ಕಟ್ಟು.