ನೊರೆ ಬರದ ಪೇಸ್ಟು

ಹೋದ ವಾರ ಇಲ್ಲಿ ನಾನು ಮನೆಯಲ್ಲೇ ಕಲಸೋ ಹಲ್ಲುಜ್ಜೋ ಪೇಸ್ಟಿನ ಡಬ್ಬಿ ಫೋಟೋ ಹಾಕಿದ್ದೇ ತಪ್ಪಾಯ್ತು. ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ, ಹೇಗೆ ಮಾಡೋದು ಅಂತ. ಇಬ್ಬರಂತೂ ಹುಳುಕು ವಾಸಿಯಾಗುತ್ತಾ ಅಂತಲೂ ಕೇಳಿದ್ದಾರೆ. ಆಗಲ್ಲ. ತೂತು ಬಿದ್ದ ಹಲ್ಲಿಗೆ ಡೆಂಟಿಸ್ಟ್ ಕುರ್ಚಿಯೇ ಗತಿ. ಲವಂಗದೆಣ್ಣೆ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತೆ, ಅಷ್ಟೆ.

ಮಾಡೋದು ಕಷ್ಟವಲ್ಲ. ಎರಡು ಚಮಚ ಕೊಬ್ಬರಿ ಎಣ್ಣೆಗೆ ಎರಡು ಚಮಚ ನುಣ್ಣನೆ ಕ್ಯಾಲ್ಸಿಯಂ ಕಾರ್ಬೊನೇಟ್, ಅರ್ಧ ಚಮಚ ಅಡುಗೆ ಸೋಡಾ, ಎರಡೇ ಹನಿ ಲವಂಗದೆಣ್ಣೆ. ಮೂರನೇ ಹನಿ ಹಾಕಿದರೆ ಒಸಡು ಉರಿಯುತ್ತೆ, ನಾನು ಹಾಕಿ ನೋಡಿದ್ದೀನಿ. ಕಾರ್ಬೊನೇಟ್ ಅಂದರೆ ಎಲೆಗೆ ಹಚ್ಚೋ ಸುಣ್ಣ ಅಂದುಕೊಳ್ಳಬೇಡಿ, ಅದು ಬಾಯಿ ಸುಡುತ್ತೆ. ಕರಿಹಲಗೆ ಮೇಲೆ ಬರೆಯೋ ಸೀಮೆಸುಣ್ಣವೂ ಬೇಡ. ಹದಿನೈದು ದಿನಕ್ಕಾಗುವಷ್ಟೇ ಕಲಸಿ, ಒದ್ದೆ ಬ್ರಷ್ ಡಬ್ಬಿಯೊಳಗೆ ಅದ್ದಬೇಡಿ. ಮೈಸೂರಿನ ಡಿಸೆಂಬರಿಗೆ ಇದು ಕಲ್ಲಾಗುತ್ತೆ, ಏಪ್ರಿಲ್‌ನಲ್ಲಿ ನೀರಾಗುತ್ತೆ. ಸಿಂಕಿನ ಪೈಪಿನಲ್ಲಿ ಎಣ್ಣೆ ಕಟ್ಟಿಕೊಳ್ಳುತ್ತೆ ಅಂತ ನನ್ನ ಹೆಂಡತಿ ಬೈತಾಳೆ, ಅದು ನಿಜವೇ. ನೊರೆ ಬರಲ್ಲ. ಅಂಗಡಿ ಪೇಸ್ಟಿನ ನೊರೆ ಸೋಪಿನ ಜಾತಿಯ ಒಂದು ರಾಸಾಯನಿಕದ್ದು. ಅದಿಲ್ಲದೆ ಹಲ್ಲುಜ್ಜಿದ ಹಾಗೇ ಅನಿಸದೆ ಮೊದಮೊದಲು ನಾನು ಎರಡೆರಡು ಸಲ ಉಜ್ಜುತ್ತಿದ್ದೆ.

ಈ ಹದಕ್ಕೆ ಬರೋ ಮೊದಲು ಒಂದು ಮೂರ್ಖತನ ಮಾಡಿದ್ದೆ. ವಾಟ್ಸಾಪಿನಲ್ಲಿ ಬಂದ ವಿಡಿಯೊ ನೋಡಿ ತೆಂಗಿನ ಚಿಪ್ಪು ಸುಟ್ಟು, ಇದ್ದಿಲು ಕುಟ್ಟಿ, ವಸ್ತ್ರಗಾಳಿಸಿ, ಉಪ್ಪು ನಿಂಬೆರಸ ಸೇರಿಸಿ ನಾಲ್ಕು ತಿಂಗಳು ತಿಕ್ಕಿದೆ. ಹಲ್ಲು ಫಳಫಳ. ಒಂದು ಬೆಳಗ್ಗೆ ತಣ್ಣೀರು ಮುಕ್ಕಳಿಸಿದರೆ ಜುಮ್ ಅಂತ ನೆತ್ತಿಗೇರಿತು. ಡೆಂಟಿಸ್ಟ್ ಕೈಗೆ ಕನ್ನಡಿ ಕೊಟ್ಟು ಒಸಡಿನ ಹತ್ತಿರ ಸವೆದ ಗೆರೆ ತೋರಿಸಿದರು. ಪಿಎಚ್ ಅಂದರೆ ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ; ಅದು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಕರಗೋಕೆ ಶುರುವಾಗುತ್ತೆ, ನಿಂಬೆರಸದ್ದು ಎರಡು ಮೂರರ ನಡುವೆ. ಹುಳಿಯಲ್ಲಿ ಮೆತ್ತಗೆ ಮಾಡಿ ಇದ್ದಿಲಲ್ಲಿ ಕೆರೆದಿದ್ದೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಒಸಡು ಸೀಳಿ ಬರುವಷ್ಟರಲ್ಲೇ ಸತ್ತಿರುತ್ತವಂತೆ, ಹಾಗಾಗಿ ಹೋಗಿದ್ದು ಹೋಯಿತು.

'ನಮ್ಮಜ್ಜಿ ಬೂದಿಯಲ್ಲೇ ಉಜ್ಜುತ್ತಿದ್ದರು, ಹಲ್ಲು ಗಟ್ಟಿ ಇತ್ತು' ಅನ್ನೋ ಕಾಮೆಂಟ್ ಬಂದೇ ಬರುತ್ತೆ. ನಿಮ್ಮಜ್ಜಿ ಪುಣ್ಯವಂತರು. ನಮ್ಮಜ್ಜಿ ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದನ್ನೇ ನಾನು ಕಂಡಿರೋದು. ಭತ್ತದ ಹೊಟ್ಟಿನ ಬೂದಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಸಿಲಿಕಾ, ಅಂದರೆ ಮರಳಿನ ಬಂಧು. ಎಷ್ಟು ನುಣ್ಣಗೆ ಅರೆದಿದ್ದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನೈಸರ್ಗಿಕ ಅನ್ನೋದಕ್ಕೆ ಹೊಗೆಸೊಪ್ಪೂ ನೈಸರ್ಗಿಕವೇ. ಹಲ್ಲುಪುಡಿಗೂ ಪೇಸ್ಟಿಗೂ ಅದನ್ನು ಬೆರೆಸಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲಿ ನಿಷೇಧ ಹಾಕಬೇಕಾಯ್ತು. ಟ್ಯೂಬಿನ ತಳದ ಹಸಿರು ಪಟ್ಟಿ ನೋಡಿ 'ಇದು ನ್ಯಾಚುರಲ್' ಅನ್ನೋರಿಗೂ ಹೇಳಬೇಕು: ಅದು ಟ್ಯೂಬ್ ಎಲ್ಲಿ ಕತ್ತರಿಸಬೇಕು ಅಂತ ಯಂತ್ರಕ್ಕೆ ತೋರಿಸೋ ಗುರುತು, ಬಣ್ಣಕ್ಕೂ ಒಳಗಿನ ಸರಕಿಗೂ ಸಂಬಂಧವಿಲ್ಲ.

ನನಗೆ ನಿಜವಾಗಿ ತಕರಾರಿರೋದು ಹುಳುಕು ತಡೆಯೋಕೆ ಅಂಗಡಿ ಪೇಸ್ಟಿಗೆ ಸೇರಿಸೋ ಫ್ಲೋರೈಡ್ ವಿಷಯದಲ್ಲಿ. 'ಪೇಸ್ಟಿನ ಫ್ಲೋರೈಡ್ ವಿಷ' ಅಂತ ಬರೆಯೋರಲ್ಲಿ ಎಷ್ಟು ಜನ ತುಮಕೂರು ಜಿಲ್ಲೆಯ ಪಾವಗಡ ನೋಡಿದ್ದಾರೋ ಗೊತ್ತಿಲ್ಲ. ಅಮ್ಮನ ತವರು ಅದು. ಅಲ್ಲಿ ನನ್ನ ಮಾವಂದಿರ ಹಲ್ಲೆಲ್ಲ ಕಂದು ಪಟ್ಟೆ, ಒಬ್ಬ ಮಾವನಿಗೆ ಬೆನ್ನು ನೆಟ್ಟಗಾಗಲ್ಲ. ಅದು ಪೇಸ್ಟ್ ಮಾಡಿದ್ದಲ್ಲ, ಬೋರ್‌ವೆಲ್ ನೀರು ಮಾಡಿದ್ದು. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಿದೆ. ಅಲ್ಲಿನ, ಕೋಲಾರ-ಚಿಕ್ಕಬಳ್ಳಾಪುರದ ಎಷ್ಟೋ ಬೋರುಗಳು ಅದನ್ನು ದಾಟಿವೆ. ಹಲ್ಲಿನ ಆ ಕಲೆ ಬೀಳೋದು ಎಳವೆಯಲ್ಲಿ, ಹಲ್ಲು ಒಸಡಿನೊಳಗೆ ರೂಪ ತಳೆಯುವಾಗ ನುಂಗಿದ್ದರಿಂದ. ಕಾವೇರಿ ನೀರು ಕುಡಿಯೋ ದೊಡ್ಡವರು ಉಜ್ಜಿ ಉಗಿಯೋ ಪೇಸ್ಟಿನಿಂದ ಬೀಳಲ್ಲ. ಹುಳುಕು ತಡೆಯೋದರಲ್ಲಿ ಫ್ಲೋರೈಡ್‌ನಷ್ಟು ಸಾಬೀತಾಗಿರೋದು ನನ್ನ ಡಬ್ಬಿಯಲ್ಲಿ ಏನೂ ಇಲ್ಲ. ಅದಕ್ಕೇ ಬೆಳಗ್ಗೆ ಡಬ್ಬಿ, ರಾತ್ರಿ ಅಂಗಡಿ ಪೇಸ್ಟು. ಏಳು ವರ್ಷದ ಮಗಳಿಗಂತೂ ಎರಡು ಹೊತ್ತೂ ಅಂಗಡಿಯದೇ, ಬಟಾಣಿ ಗಾತ್ರ, ಉಗಿಯೋವರೆಗೂ ನಾನು ಪಕ್ಕದಲ್ಲೇ.

ಹಾಗಾದರೆ ಡಬ್ಬಿ ಯಾಕೆ ಅಂತೀರಾ? ಭಾನುವಾರ ಕಲಸೋದು ಖುಷಿ, ಲವಂಗದ ವಾಸನೆ ಇಷ್ಟ. ಇಷ್ಟೇ ಕಾರಣ.

ಅಪ್ಪ ಮಾತ್ರ ಇದನ್ನು ಮುಟ್ಟಿಲ್ಲ. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಬಿಟ್ಟು ಬೇರೇನೂ ಅವರ ಬಾಯಿ ಸೇರಿಲ್ಲ. ಮೊನ್ನೆ ನನ್ನ ಡಬ್ಬಿ ತೆರೆದು ಮೂಸಿ, 'ದೋಸೆಗೆ ಹಚ್ಚೋದಾ ಇದು?' ಅಂತ ಕೇಳಿ ಮುಚ್ಚಿಟ್ಟರು.